ಅಂಡಾಣು ತೆಗೆದಿಡುವ ಮುನ್ನ ಇಷ್ಟು ತಿಳಿದಿರಲಿ

ಹೊಸಪೇಟೆಯ ಬ್ಯಾಂಕಿನಲ್ಲಿ, ಸಂಡೂರಿನ ಗಣಿ ಕಚೇರಿಯಲ್ಲಿ, ಕಂಪ್ಲಿಯ ಶಾಲೆಯಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳಿಗೆ ಮೂವತ್ತು ದಾಟಿದರೆ ಸಾಕು, ಕೇಳಿಬರುವ ಮಾತು ಒಂದೇ: ಮದುವೆ ಯಾವಾಗ, ಮಗು ಯಾವಾಗ?

2025ರ ಜುಲೈನಲ್ಲಿ ನಟಿ, ನೃತ್ಯಗಾರ್ತಿ ಭಾವನಾ ರಾಮಣ್ಣ ತಮ್ಮದೇ ದಾರಿಯನ್ನು ಜನರ ಮುಂದಿಟ್ಟರು. ಮದುವೆಯಾಗದೆ, ನಲವತ್ತರ ವಯಸ್ಸಿನಲ್ಲಿ, ಐವಿಎಫ್ ಮೂಲಕ ಗರ್ಭಿಣಿಯಾಗಿರುವುದಾಗಿ ಹೇಳಿದರು. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ 21 ದಾಟಿದ, 50ರೊಳಗಿನ ಒಂಟಿ ಮಹಿಳೆಗೂ ಈ ಚಿಕಿತ್ಸೆಗೆ ಅವಕಾಶ ಕೊಟ್ಟಿದೆ.

ಕಾನೂನು ಒಪ್ಪಿದರೂ, ಅಂಡಾಣುಗಳ ಸಂಖ್ಯೆ ಮತ್ತು ಗುಣಮಟ್ಟ 35ರ ನಂತರ ಬೇಗ ಕುಸಿಯುತ್ತವೆ. ಅದಕ್ಕೇ ಮೊದಲೇ ತೆಗೆದಿಡುವ ಯೋಚನೆ. ಮಾಜಿ ವಿಶ್ವಸುಂದರಿ ಡಯಾನಾ ಹೇಡನ್ 2016ರಲ್ಲಿ ತಾಯಿಯಾದದ್ದು ಎಂಟು ವರ್ಷ ಹಿಂದೆ ತೆಗೆದಿಟ್ಟ ಅಂಡಾಣುವಿನಿಂದ.

ಅಂಡಾಣು ತೆಗೆದಿಡುವ ಕ್ರಮ ಹೀಗಿದೆ: ಮೊದಲು ಅಂಡಾಣುಗಳು ಎಷ್ಟು ಉಳಿದಿವೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ, ಸ್ಕ್ಯಾನಿಂಗ್. ಬಳಿಕ ಸುಮಾರು ಹತ್ತು–ಹನ್ನೆರಡು ದಿನ ಹೊಟ್ಟೆಯ ಚರ್ಮಕ್ಕೆ ಹಾರ್ಮೋನ್ ಇಂಜೆಕ್ಷನ್, ನಡುನಡುವೆ ಮತ್ತೆ ಸ್ಕ್ಯಾನಿಂಗ್. ಕೊನೆಗೆ ಅರಿವಳಿಕೆ ಕೊಟ್ಟು, ತೆಳು ಸೂಜಿಯಿಂದ ಅಂಡಾಣು ಹೊರತೆಗೆದು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಹಂಪಿ, ಕಂಪ್ಲಿ ಕಡೆಯಿಂದ ದೊಡ್ಡ ಊರಿಗೆ ಹೋಗಿಬರುವವರು ಈ ದಿನಗಳ ರಜೆ, ಓಡಾಟವನ್ನು ಮೊದಲೇ ಹೊಂದಿಸಿಕೊಳ್ಳಬೇಕು.

ಇಷ್ಟಾದರೂ ಮಗು ಖಾತರಿಯಲ್ಲ.

ಕರಗಿಸುವಾಗ ಕೆಲವು ಅಂಡಾಣು ಉಳಿಯುವುದಿಲ್ಲ, ಉಳಿದವೆಲ್ಲ ಭ್ರೂಣವಾಗುವುದಿಲ್ಲ. ತಡವಾಗಿ ಬಸಿರಾದರೆ ಬಿಪಿ, ಶುಗರ್ ಕಾಣಿಸಿಕೊಳ್ಳುವ ಅಪಾಯವೂ ಹೆಚ್ಚು.

ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಲೇಬೇಕು. ಆಸ್ಪತ್ರೆ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾಗಿದೆಯೇ? ತೆಗೆದಿಟ್ಟ ಅಂಡಾಣುವಿನಿಂದ ಇಲ್ಲಿ ಎಷ್ಟು ಹೆರಿಗೆಗಳಾಗಿವೆ? ಕಾಪಿಡಲು ವರ್ಷಕ್ಕೆ ಎಷ್ಟು ಶುಲ್ಕ?