ಎಕ್ಸ್‌ರೇ ಹಾಳೆಯ ಹಿಂದಿನ ಲೆಕ್ಕ

ಎಕ್ಸ್‌ರೇ ಎಂದರೆ ಮೈಯೊಳಗಿನ ಎಲುಬಿನ ಫೋಟೊ ಎಂದು ನಮ್ಮಲ್ಲಿ ಬಹಳಷ್ಟು ಜನ ನಂಬಿದ್ದಾರೆ. ಹಾಗಾಗಿ ಫೋಟೊ ಬಗ್ಗೆ ಗೊತ್ತಿರುವುದನ್ನೆಲ್ಲ ಅದಕ್ಕೂ ಹಚ್ಚುತ್ತಾರೆ: ನಿಚ್ಚಳವಾಗಿ ಬಂದಿದ್ದರೆ ಚೆನ್ನಾಗಿ ತೆಗೆದಿದ್ದಾರೆ, ಮಸುಕಾಗಿದ್ದರೆ ಕಂಪ್ಯೂಟರಿನಲ್ಲಿ ಸರಿಮಾಡಬಹುದು, ಡಾಕ್ಟರಿಗೆ ಮೊಬೈಲಿನಲ್ಲಿ ಕಳಿಸಿದರೆ ಸಾಕು. ಮೂರೂ ತಪ್ಪು, ಮೂರರ ಬೇರೂ ಒಂದೇ. ಕ್ಯಾಮೆರಾ ಹಿಡಿಯುವುದು ವಸ್ತುವಿಗೆ ಬಡಿದು ವಾಪಸು ಬಂದ ಬೆಳಕನ್ನು. ಎಕ್ಸ್‌ರೇಯಲ್ಲಿ ದಾಖಲಾಗುವುದು ಮೈಯನ್ನು ದಾಟಿ ಆಚೆ ಬಂದ ಕಿರಣ, ಅಂದರೆ ಮೈಯ ನೆರಳು. ಕ್ಯಾಲ್ಸಿಯಂ ತುಂಬಿದ ಎಲುಬು ಕಿರಣವನ್ನು ಹೆಚ್ಚು ಹೀರಿಕೊಳ್ಳುವುದರಿಂದ ಅಲ್ಲಿ ಬಿಳಿ. ಗಾಳಿ ತುಂಬಿದ ಶ್ವಾಸಕೋಶ ದಾರಿ ಬಿಡುವುದರಿಂದ ಅಲ್ಲಿ ಕಪ್ಪು. 1895ರ ಡಿಸೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಈ ಕಿರಣವನ್ನು ಕಂಡುಹಿಡಿದ ವಿಜ್ಞಾನಿ ರಾಂಟ್ಜೆನ್ ತೆಗೆದ ತಮ್ಮ ಹೆಂಡತಿಯ ಕೈಯ ಚಿತ್ರದಲ್ಲಿ ಬೆರಳಿನ ಮೂಳೆಗಿಂತ ಉಂಗುರ ಎದ್ದು ಕಾಣುವುದೂ ಇದೇ ಕಾರಣಕ್ಕೆ.

ಇಂದಿನ ಡಿಜಿಟಲ್ ಯಂತ್ರದಲ್ಲಿ ಈ ನೆರಳು ಬೀಳುವುದು ಫಿಲ್ಮಿನ ಮೇಲಲ್ಲ. ಹಲವು ಡಿಟೆಕ್ಟರುಗಳಲ್ಲಿ ಸೀಸಿಯಂ ಅಯೋಡೈಡಿನ ಪದರ ಕಿರಣವನ್ನು ಬೆಳಕಾಗಿಸುತ್ತದೆ, ಕೆಳಗಿನ ಸೆನ್ಸರ್ ಆ ಬೆಳಕನ್ನು ಅಂಕಿಯಾಗಿಸುತ್ತದೆ. ಪ್ರತಿ ಚುಕ್ಕೆಗೆ ಒಂದು ಅಂಕಿ; ಕಪ್ಪಿನಿಂದ ಬಿಳಿಗೆ ಸಾಮಾನ್ಯವಾಗಿ 4,096 ಅಥವಾ 16,384 ಮೆಟ್ಟಿಲು. ರೇಡಿಯಾಲಜಿಸ್ಟ್ ಮೌಸ್ ಎಳೆಯುತ್ತ ಶ್ವಾಸಕೋಶಕ್ಕೆ ಒಂದು ಶ್ರೇಣಿ, ಬೆನ್ನೆಲುಬಿಗೆ ಇನ್ನೊಂದು ಶ್ರೇಣಿ ಆರಿಸಿಕೊಂಡು ನೋಡುತ್ತಾರೆ. ನಮ್ಮ ಕೈಗೆ ಕೊಡುವ ಹಾಳೆ ಆ ಅಂಕಿಗಳ ಒಂದು ನೋಟ ಮಾತ್ರ.

‘ಎಕ್ಸ್‌ರೇ ತೆಗೆಸಿದರೆ ರೇಡಿಯೇಷನ್ ಮೈಯಲ್ಲೇ ಉಳಿಯುತ್ತೆ’ ಎಂಬ ಭಯ ಹಳ್ಳಿ ಪೇಟೆ ಎರಡೂ ಕಡೆ ಇದೆ. ಸ್ವಿಚ್ ಆರಿದ ಕ್ಷಣ ಕಿರಣವೂ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಕೆಲ ಹೊತ್ತು ಉಳಿಯುವುದು ಬೋನ್ ಸ್ಕ್ಯಾನ್, ಪೆಟ್ ಸ್ಕ್ಯಾನ್‌ಗಳಲ್ಲಿ ಚುಚ್ಚಿಕೊಡುವ ವಿಕಿರಣಶೀಲ ಔಷಧ. ಎದೆಯ ಒಂದು ಎಕ್ಸ್‌ರೇಯಿಂದ ತಗಲುವುದು ಸುಮಾರು 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಮಣ್ಣು, ಗಾಳಿ, ಆಕಾಶಗಳಿಂದ ಎಲ್ಲರಿಗೂ ವರ್ಷಕ್ಕೆ ತಗಲುವುದು ಜಾಗತಿಕ ಸರಾಸರಿಯಲ್ಲಿ 2.4. ಆದರೆ ಹೊಟ್ಟೆಯ ಸಿಟಿ ಸ್ಕ್ಯಾನ್ 8ರಿಂದ 10ರ ಆಸುಪಾಸಿಗೆ ಹೋಗಬಹುದು. ಅಗತ್ಯವಿದ್ದಾಗ ಹಿಂಜರಿಯಬಾರದು, ಸುಮ್ಮನೆ ‘ಒಂದ್ಸಲ ಮಾಡಿಸಿಬಿಡೋಣ’ ಎನ್ನಲೂಬಾರದು. ಎಂಆರ್‌ಐ, ಅಲ್ಟ್ರಾಸೌಂಡ್‌ಗಳಲ್ಲಿ ಈ ಕಿರಣವೇ ಇಲ್ಲ.

ಇಲ್ಲಿ ನನಗೆ ನಿಜವಾಗಿ ಕಳವಳ ತರುವ ಮಾತು ಬೇರೆ: ಚಿತ್ರ ಚೆನ್ನಾಗಿ ಬಂದಿದೆ ಎಂದರೆ ಕಿರಣದ ಪ್ರಮಾಣವೂ ಸರಿಯಾಗಿತ್ತು ಎಂಬ ನಂಬಿಕೆ. ಫಿಲ್ಮಿನ ಕಾಲದಲ್ಲಿ ಅದು ನಿಜವಿತ್ತು, ಕಿರಣ ಹೆಚ್ಚಾದರೆ ಫಿಲ್ಮ್ ಕರ‍್ರಗಾಗಿ ತಪ್ಪು ತಾನೇ ಬಯಲಾಗುತ್ತಿತ್ತು. ಡಿಜಿಟಲ್ ಯಂತ್ರ ಹೆಚ್ಚು ಬಂದದ್ದನ್ನೂ ಕಡಿಮೆ ಬಂದದ್ದನ್ನೂ ಒಂದೇ ಹದದ ಬೂದುಬಣ್ಣಕ್ಕೆ ತಂದು ತೋರಿಸುತ್ತದೆ. ಕಡಿಮೆ ಬಿದ್ದಾಗ ಮಾತ್ರ ಚಿತ್ರವೆಲ್ಲ ಕಾಳುಕಾಳಾಗುತ್ತದೆ. ಮೊದಲ ಮಳೆಯ ನಾಲ್ಕು ಹನಿ ಅಂಗಳಕ್ಕೆ ಬಿದ್ದಾಗ ಒಂದೆಡೆ ಒತ್ತು, ಒಂದೆಡೆ ವಿರಳ. ಧೋ ಎಂದು ಸುರಿದ ಮೇಲೆ ಎಲ್ಲ ಕಡೆ ಒಂದೇ ಸಮ. ಎಕ್ಸ್‌ರೇ ಕಣಗಳು ಬೀಳುವುದೂ ಹಾಗೆಯೇ. ಈ ಕಾಳನ್ನು ಅರ್ಧಕ್ಕೆ ಇಳಿಸಬೇಕಾದರೆ ಕಿರಣವನ್ನು ನಾಲ್ಕು ಪಟ್ಟು ಏರಿಸಬೇಕು. ಕಾಳು ಬಂದರೆ ದೂರು, ಹೆಚ್ಚು ಕಿರಣ ಬಿದ್ದರೆ ದೂರಿಲ್ಲ. ಹೀಗಾಗಿ ಎಲ್ಲಿ ನಿಗಾ ಇಲ್ಲವೋ ಅಲ್ಲಿ ಯಾರಿಗೂ ತಿಳಿಯದಂತೆ ಪ್ರಮಾಣ ಮೆಲ್ಲಗೆ ಏರುತ್ತ ಹೋಗುತ್ತದೆ. ಇದನ್ನು ತಡೆಯಲೆಂದೇ 2008ರ ಅಂತರರಾಷ್ಟ್ರೀಯ ಮಾನದಂಡವೊಂದು ಪರದೆಯ ಮೇಲೆ ತೋರಿಸಬೇಕಾದ ಅಂಕಿಯನ್ನು ಗೊತ್ತುಮಾಡಿತು. ಸೊನ್ನೆ ಎಂದರೆ ಗುರಿಗೆ ಸರಿಯಾಗಿದೆ, +3 ಎಂದರೆ ಎರಡು ಪಟ್ಟು ಬಿದ್ದಿದೆ, -3 ಎಂದರೆ ಅರ್ಧ. ಈ ಪುಟ್ಟ ಅಂಕಿಯನ್ನು ದಿನವೂ ನೋಡುವ ಟೆಕ್ನಿಷಿಯನ್ ರೋಗಿಗೆ ಮಾಡುವ ಉಪಕಾರ ದೊಡ್ಡದು.

ಮಸುಕಾದದ್ದನ್ನು ಕಂಪ್ಯೂಟರ್ ಸರಿಮಾಡೀತೇ? ಕಾಳನ್ನು ಸವರಿ ನಯಮಾಡಬಹುದು, ಅಂಚನ್ನು ಎತ್ತಿ ತೋರಿಸಬಹುದು. ಡಿಟೆಕ್ಟರಿಗೆ ತಲುಪದ ಮಾಹಿತಿಯನ್ನು ಮಾತ್ರ ಅದು ಹುಟ್ಟಿಸಲಾರದು. ಅಂಚನ್ನು ಅತಿಯಾಗಿ ಎತ್ತಿದರೆ ಅಪಾಯವೂ ಇದೆ. ಸೊಂಟದ ಕೀಲಿಗೆ ಕೂರಿಸಿದ ಲೋಹದ ಸುತ್ತ ಸಣ್ಣ ಕಪ್ಪು ಗೆರೆ ಮೂಡಿ, ಲೋಹ ಸಡಿಲವಾಗಿದೆಯೇನೋ ಎನಿಸುತ್ತದೆ. ಅದು ಮೂಳೆಯ ದೋಷವಲ್ಲ, ಅಂಚನ್ನು ಎತ್ತಿದ ಕಂಪ್ಯೂಟರ್ ಫಿಲ್ಟರಿನದು.

ಇಂಥ ನೆರಳುಗಳನ್ನೇ ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಚಿತ್ರ ಕಟ್ಟುವ ಸಿಟಿ ಸ್ಕ್ಯಾನ್ ಬಗ್ಗೆ ಭಾಷಣಗಳಲ್ಲಿ ಪದೇ ಪದೇ ಕೇಳುವ ಕಥೆಯೊಂದಿದೆ: ಬೀಟಲ್ಸ್ ಹಾಡಿನ ತಟ್ಟೆಗಳನ್ನು ಮಾರಿ ಬಂದ ದುಡ್ಡಿನಲ್ಲಿ ಇಎಂಐ ಕಂಪನಿ ಅದನ್ನು ಕಟ್ಟಿತು ಎಂದು. ಕಂಪನಿ ಅದೇ, ಅಲ್ಲಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅದನ್ನು ಕಟ್ಟಿದ್ದೂ ನಿಜ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. ಆದರೆ 2012ರಲ್ಲಿ ಲೆಕ್ಕಪತ್ರ ಕೆದಕಿ ನೋಡಿದಾಗ, ಬ್ರಿಟಿಷ್ ಆರೋಗ್ಯ ಇಲಾಖೆ ಹಾಕಿದ ಹಣ ಇಎಂಐ ಹಾಕಿದ್ದಕ್ಕಿಂತ ಹಲವು ಪಟ್ಟು ಹೆಚ್ಚೆಂದು ತಿಳಿದುಬಂತು. ಸಾರ್ವಜನಿಕರ ತೆರಿಗೆ ಹಣದ ಸಾಧನೆಯನ್ನು ಒಂದು ಚೆಂದದ ಕಥೆ ನುಂಗಿಹಾಕಿತ್ತು. ನಮ್ಮ ಊರಿನ ಪಾಲೂ ಹೀಗೆಯೇ ಮರೆಯಲ್ಲಿ ಉಳಿದಿದೆ. ಸುತ್ತಲೂ ತೆಗೆದ ನೂರಾರು ನೆರಳುಗಳಿಂದ ಒಳಗಿನ ಅಡ್ಡಕೊಯ್ತವನ್ನು ಲೆಕ್ಕಹಾಕಿ ತೆಗೆಯುವ ಚುರುಕಾದ ವಿಧಾನವೊಂದನ್ನು ಅದೇ 1971ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್. ಪ್ರತಿ ನೆರಳನ್ನೂ ಮೊದಲು ಸೋಸಿ, ಆಮೇಲೆ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹರಡುವ ಕ್ರಮ ಅದು. ಆ ಸೋಸುವ ಲೆಕ್ಕಕ್ಕೆ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಇಂದಿಗೂ ‘ರಾಮ್-ಲ್ಯಾಕ್ ಫಿಲ್ಟರ್’ ಎಂದೇ ಹೆಸರು.

ಈಚೆಗೆ ಎಐ ಬಂದಿದೆ, ಇನ್ನು ಎಕ್ಸ್‌ರೇ ಓದಲು ಡಾಕ್ಟರೇ ಬೇಡ ಎನ್ನುವವರೂ ಇದ್ದಾರೆ. ಕ್ಷಯ ರೋಗದ ತಪಾಸಣೆಯಲ್ಲಿ 15 ವರ್ಷ ಮತ್ತು ಮೇಲ್ಪಟ್ಟವರ ಎದೆಯ ಎಕ್ಸ್‌ರೇ ಓದಲು ಇಂಥ ತಂತ್ರಾಂಶ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಹೌದು. ಆದರೆ ಆ ತಂತ್ರಾಂಶ ಅನುಮಾನ ಇರುವವರನ್ನು ಬೇರ್ಪಡಿಸುತ್ತದೆ, ಅಷ್ಟೆ. ರೋಗ ಖಚಿತವಾಗಬೇಕಾದರೆ ಕಫದ ಪರೀಕ್ಷೆ ಆಗಲೇಬೇಕು.

ಕೊನೆಗೆ, ವಾಟ್ಸ್ಆ್ಯಪ್. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಕ್ಲಿಕ್ಕಿಸಿ ಕಳಿಸಿದಾಗ ಸಾವಿರಾರು ಮೆಟ್ಟಿಲುಗಳ ಅಳತೆ 256ಕ್ಕೆ ಇಳಿಯುತ್ತದೆ. ಆಮೇಲೆ ಜೆಪೆಗ್ ಕುಗ್ಗಿಸುವಿಕೆ. ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನೂ ಅಲೆಗಳಾಗಿ ಬಿಡಿಸಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ನವಿರು ಅಲೆಗಳನ್ನು ಅದು ಬಿಟ್ಟುಬಿಡುತ್ತದೆ. ಈ ಬಿಡಿಸುವ ಗಣಿತ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹಮದ್ ಅವರದು; ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಅದನ್ನು ಪ್ರಕಟಿಸಿದರು. ಅದರದೇ ಒಂದು ಮಾರ್ಪಾಟು ಎಂಪಿ3 ಹಾಡಿನಲ್ಲೂ ಇದೆ. ಮದುವೆ ಫೋಟೊಗೆ ಆ ನವಿರು ಅಲೆಗಳು ಹೋದರೆ ನಷ್ಟವಿಲ್ಲ. ಮಣಿಕಟ್ಟಿನ ಕೂದಲೆಳೆಯಂಥ ಬಿರುಕು ಇರುವುದು ಅವುಗಳಲ್ಲೇ.

ಹಾಗಾಗಿ ದೂರದ ವೈದ್ಯರಿಗೆ ತೋರಿಸಬೇಕಾದರೆ ಸೆಂಟರಿನಲ್ಲಿ ಸಿಡಿ ಅಥವಾ ಲಿಂಕ್ ಕೇಳಿ ಪಡೆಯಿರಿ. ಡೈಕಾಮ್ ರೂಪದ ಆ ಕಡತದಲ್ಲಿ ಅಂಕಿಗಳೆಲ್ಲ ಇರುತ್ತವೆ. ವಾಟ್ಸ್ಆ್ಯಪಿನಲ್ಲಿ ಕಳಿಸುವುದೇ ಆದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಹಳೆಯ ಎಕ್ಸ್‌ರೇಗಳಿದ್ದರೆ ಅವನ್ನೂ ಜೊತೆಗೆ ಕೊಡಿ. ಎದೆಯಲ್ಲಿ ಕಂಡ ಮಚ್ಚೆ ಕೆಲವು ವರ್ಷಗಳ ಹಿಂದೆಯೂ ಅಷ್ಟೇ ಇತ್ತು ಎಂದು ಗೊತ್ತಾದರೆ ಇನ್ನೊಂದು ಸಿಟಿ ಸ್ಕ್ಯಾನ್ ತಪ್ಪಬಹುದು.