ಕಾಲದ ಲೆಕ್ಕ ಇಡುವವರು ಬೇಕು

ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಕಡತವೊಂದು ನನ್ನ ಮೇಜಿಗೆ ಬಂದಿತ್ತು. ಉತ್ತರ ಕರ್ನಾಟಕದ ನದಿಯೊಂದಕ್ಕೆ ಅಡ್ಡಲಾಗಿ ಕಟ್ಟಬೇಕಿದ್ದ ದೊಡ್ಡ ಸೇತುವೆಯ ಪ್ರಸ್ತಾವ ಅದು. ಸಿಮೆಂಟು, ಉಕ್ಕು, ಯಂತ್ರೋಪಕರಣಗಳ ಅಂದಾಜಿನ ನಡುವೆ ಎರಡು ಹುದ್ದೆಗಳ ಕೋರಿಕೆಯೂ ಇತ್ತು. ಕಾಮಗಾರಿಯ ಯಾವ ಭಾಗ ಯಾವಾಗ ಆರಂಭವಾಗಬೇಕು, ಯಾವುದರ ನಂತರ ಯಾವುದು ಬರಬೇಕು ಎಂಬುದನ್ನು ರೂಪಿಸಿ ಪ್ರತಿ ವಾರ ಪರಿಷ್ಕರಿಸುವುದಷ್ಟೇ ಆ ಇಬ್ಬರು ಎಂಜಿನಿಯರುಗಳ ಕೆಲಸ. ಹಣಕಾಸಿನ ದೃಷ್ಟಿಯಿಂದ ಪ್ರಸ್ತಾವವನ್ನು ಪರಿಶೀಲಿಸುವ ಹೊಣೆ ನನ್ನದಾಗಿತ್ತು. ‘ಈಗಿರುವ ಸಿಬ್ಬಂದಿಯೇ ನಿಭಾಯಿಸಬಹುದು’ ಎಂದು ಷರಾ ಬರೆದು ಆ ಎರಡು ಹುದ್ದೆಗಳನ್ನು ಹೊಡೆದುಹಾಕಿದೆ. ಮಿತವ್ಯಯ ಸಾಧಿಸಿದ ತೃಪ್ತಿಯೂ ನನಗಿತ್ತು.

ನಾಲ್ಕು ವರ್ಷಗಳ ಬಳಿಕ ಬೇರೊಂದು ಹುದ್ದೆಯಲ್ಲಿದ್ದಾಗ ಅದೇ ಸೇತುವೆಯ ಪ್ರಗತಿ ಪರಿಶೀಲನೆಗೆ ಹೋಗಬೇಕಾಯಿತು. ವರದಿಯಲ್ಲಿ ಶೇ 70ರಷ್ಟು ಪ್ರಗತಿ ಎಂದಿತ್ತು. ನದಿಯ ದಂಡೆಯ ಮೇಲೆ ಎರಕ ಹೊಯ್ದು ಸಿದ್ಧವಾದ ಕಾಂಕ್ರೀಟ್ ಗರ್ಡರುಗಳು ಸಾಲಾಗಿ ಮಲಗಿದ್ದವು. ಅವುಗಳನ್ನು ಹೊರಬೇಕಾದ ನಡುನದಿಯ ಎರಡು ಕಂಬಗಳ ಅಡಿಪಾಯವೇ ಮುಗಿದಿರಲಿಲ್ಲ. ಒಣ ನೆಲದ ಮೇಲೆ ಸುಲಭವಾಗಿ ಮಾಡಬಹುದಾದ, ಬೇಗ ಬಿಲ್ಲಾಗುವ ಕೆಲಸ ಮೊದಲು ನಡೆದಿತ್ತು. ನೀರಿನಲ್ಲಿ ಇಳಿದು ಮಾಡಬೇಕಾದ ಕಷ್ಟದ ಕೆಲಸ ಉಳಿದಿತ್ತು. ಆ ನದಿಯಲ್ಲಿ ಅಡಿಪಾಯ ಹಾಕಲು ಸಾಧ್ಯವಿದ್ದುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮಾತ್ರ. ಅಲ್ಲಿ ಒಂದು ತಿಂಗಳು ತಪ್ಪಿದರೆ ನಷ್ಟವಾಗುವುದು ತಿಂಗಳಲ್ಲ, ಇಡೀ ವರ್ಷ. ಈ ಸರಳ ಸತ್ಯವನ್ನು ಸಕಾಲದಲ್ಲಿ ಹೇಳುವ ಹೊಣೆ ಯಾರದ್ದಾಗಿತ್ತು ಎಂದು ಕೇಳಿದೆ. ಯಾರದ್ದೂ ಆಗಿರಲಿಲ್ಲ. ಆ ಹೊಣೆ ಹೊರಬೇಕಿದ್ದವರನ್ನು ಕಡತದಿಂದ ಹೊರಗಿಟ್ಟವನು ನಾನೇ ಎಂಬುದು ಆಗ ನೆನಪಾಯಿತು. ಗುಂಪಿನಲ್ಲಿದ್ದ ಹಿರಿಯರೊಬ್ಬರು ‘ಸಾಹೇಬ್ರ, ಮೂರು ಮಳಿಗಾಲ ಆತ್ರಿ. ಇನ್ನೂ ಎಷ್ಟ ದಿನ ಹರಗೋಲದಾಗ ದಾಟಬೇಕ್ರಿ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮಲ್ಲಿ ಬೃಹತ್ ಕಾಮಗಾರಿಗಳು ತಡವಾಗುವುದು ಸುದ್ದಿಯೇ ಅಲ್ಲ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಅಣೆಕಟ್ಟೆಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ‘ನಮ್ಮ ಮೆಟ್ರೊ’ದ ಅಡಿಗಲ್ಲು ಬಿತ್ತು. ಮೊದಲ ರೈಲು ಓಡಿದ್ದು 2011ರಲ್ಲಿ. ಸುಮಾರು 42 ಕಿ.ಮೀ. ಉದ್ದದ ಮೊದಲ ಹಂತ ಪೂರ್ಣಗೊಂಡದ್ದು 2017ರಲ್ಲಿ. 6,395 ಕೋಟಿ ರೂಪಾಯಿಯ ಆರಂಭಿಕ ಅಂದಾಜು ಕೊನೆಗೆ 13,800 ಕೋಟಿಯನ್ನು ದಾಟಿತು. ಇದರಲ್ಲಿ ಮಾರ್ಗದ ವಿಸ್ತರಣೆ, ಬೆಲೆಯೇರಿಕೆಗಳ ಪಾಲೂ ಇದೆ. ಆಲಮಟ್ಟಿಯ ಹಿಂದೆ ಅಂತರರಾಜ್ಯ ವ್ಯಾಜ್ಯ ಮತ್ತು ಹಣದ ಕೊರತೆ ಇದ್ದವು. ಎಲ್ಲವನ್ನೂ ಅದಕ್ಷತೆ ಎಂದು ಜರಿಯುವುದು ನ್ಯಾಯವಲ್ಲ.

ಆದರೆ ವಿಳಂಬಕ್ಕೆ ನಾವು ಕೊಡುವ ಕಾರಣಗಳ ಪಟ್ಟಿಯನ್ನು ಗಮನಿಸಿ: ಭೂಸ್ವಾಧೀನ, ಅರಣ್ಯ ಇಲಾಖೆಯ ಅನುಮತಿ, ನೀರಿನ ಕೊಳವೆ ಮತ್ತು ವಿದ್ಯುತ್ ಕೇಬಲ್‌ಗಳ ಸ್ಥಳಾಂತರ, ಮಳೆ. ದಶಕಗಳಿಂದ ಪಟ್ಟಿ ಬದಲಾಗಿಲ್ಲ. ಪ್ರತಿ ಸಲವೂ ಬರುವ ಅಡ್ಡಿಯನ್ನು ಅನಿರೀಕ್ಷಿತ ಎನ್ನುವುದು ಹೇಗೆ? ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಂದು ವಿದ್ಯೆ. ಆ ವಿದ್ಯೆ ಬಲ್ಲವರನ್ನು ನಾವು ತಯಾರು ಮಾಡಿಲ್ಲ.

ಈ ವಿದ್ಯೆ ಹೊಸದೂ ಅಲ್ಲ. 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ‘ನಿರ್ಣಾಯಕ ಪಥ’ ಎಂಬ ವಿಧಾನವನ್ನು ರೂಪಿಸಿದರು. ಅದರ ಸಾರ ಇಷ್ಟೇ: ಕಾಮಗಾರಿಯನ್ನು ಬಿಡಿ ಬಿಡಿ ಕೆಲಸಗಳಾಗಿ ಒಡೆಯಬೇಕು, ಯಾವುದು ಯಾವುದಕ್ಕೆ ಕಾಯಬೇಕು ಎಂದು ಗುರುತಿಸಬೇಕು, ಆಗ ಆರಂಭದಿಂದ ಅಂತ್ಯದವರೆಗೆ ಅತಿ ದೀರ್ಘವಾದ ಒಂದು ಸರಪಳಿ ಕಾಣುತ್ತದೆ. ಆ ಸರಪಳಿಯ ಮೇಲಿನ ಕೆಲಸ ಒಂದು ದಿನ ತಡವಾದರೆ ಇಡೀ ಯೋಜನೆ ಒಂದು ದಿನ ತಡವಾಗುತ್ತದೆ. ಉಳಿದ ಕೆಲಸಗಳಿಗೆ ಅಷ್ಟಿಷ್ಟು ಬಿಡುವಿರುತ್ತದೆ. ನಮ್ಮ ಸೇತುವೆಯಲ್ಲಿ ನಡುನದಿಯ ಅಡಿಪಾಯಗಳು ಆ ಸರಪಳಿಯ ಮೇಲಿದ್ದವು, ಗರ್ಡರುಗಳು ಇರಲಿಲ್ಲ. ಪ್ರಗತಿ ವರದಿಯ ಶೇಕಡಾವಾರು ಲೆಕ್ಕ ಈ ವ್ಯತ್ಯಾಸವನ್ನು ಮರೆಮಾಚುತ್ತದೆ.

ಪ್ರತಿ ಕೆಲಸದ ಅವಧಿಯೂ ಆಶಯವಲ್ಲ, ಅಂಕಗಣಿತ. 6,000 ಘನ ಮೀಟರ್ ಕಾಂಕ್ರೀಟ್ ಇದ್ದು, ದಿನಕ್ಕೆ 60 ಘನ ಮೀಟರ್ ಮಾತ್ರ ಹಾಕಲು ಸಾಧ್ಯವಿದ್ದರೆ ನೂರು ದಿನ ಬೇಕು. ಉದ್ಘಾಟನೆಯ ದಿನಾಂಕವನ್ನು ಮೊದಲು ಘೋಷಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಅದನ್ನು ಐವತ್ತು ದಿನ ಮಾಡಿದರೆ ಕಾಂಕ್ರೀಟ್ ನಮ್ಮ ಮಾತು ಕೇಳುವುದಿಲ್ಲ. ಐವತ್ತು ದಿನವೇ ಬೇಕೆಂದರೆ ಎರಡು ಪಟ್ಟು ಯಂತ್ರ, ಎರಡು ಪಟ್ಟು ಸೆಂಟ್ರಿಂಗ್ ಸಾಮಗ್ರಿ, ಎರಡು ಪಟ್ಟು ಜನ ಬೇಕು. ಇದನ್ನು ಮುಖಕ್ಕೆ ಹೇಳುವವನೇ ಯೋಜಕ.

ನಮ್ಮ ದೇಶದಲ್ಲೂ ಮಾದರಿಗಳಿಲ್ಲದೆ ಇಲ್ಲ. 1990ರಲ್ಲಿ ಇ. ಶ್ರೀಧರನ್ ನೇತೃತ್ವದಲ್ಲಿ ಆರಂಭವಾದ ಕೊಂಕಣ ರೈಲು ಯೋಜನೆ ಸುಮಾರು 740 ಕಿ.ಮೀ. ಉದ್ದದ್ದು, ತೊಂಬತ್ತಕ್ಕೂ ಹೆಚ್ಚು ಸುರಂಗಗಳು, ಸಣ್ಣವು ದೊಡ್ಡವು ಸೇರಿ ಸುಮಾರು ಎರಡು ಸಾವಿರ ಸೇತುವೆಗಳು. ಮಾರ್ಗವನ್ನು ಏಳು ವಿಭಾಗಗಳಾಗಿ ಒಡೆದು ಪ್ರತಿಯೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ಹೊಣೆಯಾಗಿಸಲಾಯಿತು. ನಮ್ಮ ಕಾರವಾರ ಮತ್ತು ಉಡುಪಿ ಅವುಗಳಲ್ಲಿ ಎರಡು. ಉಳಿದ ದಿನಗಳನ್ನು ತೋರಿಸುವ ಹಿಮ್ಮುಖ ಗಡಿಯಾರಗಳನ್ನು ಕಚೇರಿಗಳಲ್ಲಿ ಇಡಲಾಯಿತು. ಆದರೂ ಐದು ವರ್ಷಗಳ ಮೂಲ ಗಡುವು ಮೀರಿತು. ಗೋವಾದ ಪೆರ್ನೆಂ ಸುರಂಗದಲ್ಲಿ ನೀರು ತುಂಬಿದ ಮೆದು ಮಣ್ಣು ಮತ್ತೆ ಮತ್ತೆ ಕುಸಿಯಿತು. 1998ರ ಜನವರಿಯಲ್ಲಿ ಪೂರ್ಣ ಮಾರ್ಗದಲ್ಲಿ ರೈಲು ಓಡಿತು. ಯೋಜನೆ ರೂಪಿಸಿದ ಮಾತ್ರಕ್ಕೆ ಅಡ್ಡಿಗಳು ಮಾಯವಾಗುವುದಿಲ್ಲ. ಆದರೆ ಅಡ್ಡಿ ಎಲ್ಲಿದೆ, ಅದರ ಬೆಲೆ ಎಷ್ಟು ದಿನ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಈ ಅನುಭವ ಹೊತ್ತೇ ಶ್ರೀಧರನ್ ದೆಹಲಿಗೆ ಹೋದರು. ಅಲ್ಲಿನ ಮೆಟ್ರೊದ ಸುಮಾರು 65 ಕಿ.ಮೀ.ಗಳ ಮೊದಲ ಹಂತ 2005ರಲ್ಲಿ, ನಿಗದಿತ ಅವಧಿಗೆ ಮುನ್ನವೇ ಮುಗಿಯಿತು.

ಒಬ್ಬ ಶ್ರೀಧರನ್ ಅವರನ್ನು ಕೊಂಡಾಡುವುದು ಸುಲಭ. ಪ್ರತಿ ಕಾಮಗಾರಿಗೂ ಬೇಕಾದ ಸಾಧಾರಣ, ಸಮರ್ಥ ಯೋಜಕರನ್ನು ತರಬೇತಿಗೊಳಿಸುವುದು ಕಷ್ಟ. ಎಂಜಿನಿಯರಿಂಗ್ ಪದವಿಯಲ್ಲಿ ಈ ವಿಷಯ ಪರೀಕ್ಷೆಯ ಒಂದೆರಡು ಪ್ರಶ್ನೆಗಳಿಗೆ ಸೀಮಿತ. ನಂತರ ಪ್ರಿಮವೆರಾದಂತಹ ತಂತ್ರಾಂಶವನ್ನು ಕೆಲವು ವಾರ ಕಲಿತರೆ ಯುವಕನೊಬ್ಬ ‘ಪ್ಲ್ಯಾನಿಂಗ್ ಎಂಜಿನಿಯರ್’ ಆಗಿಬಿಡುತ್ತಾನೆ. ಸಾವಿರಾರು ಗೆರೆಗಳ ಸುಂದರ ನಕ್ಷೆಯನ್ನು ಆತ ಬಿಡಿಸಬಲ್ಲ. ಕಂಬಿ ಕಟ್ಟುವ ಒಂದು ತಂಡ ದಿನಕ್ಕೆ ಎಷ್ಟು ಕಂಬಿ ಕಟ್ಟೀತು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಗುತ್ತಿಗೆಯ ಷರತ್ತು ಪೂರೈಸಲು ತಯಾರಾದ ಆ ನಕ್ಷೆ ಕಚೇರಿಯ ಗೋಡೆಯ ಮೇಲೆ ಧೂಳು ತಿನ್ನುತ್ತದೆ.

ತರಬೇತಿ ಕಾಮಗಾರಿಯ ಸ್ಥಳದಲ್ಲೇ ಆರಂಭವಾಗಬೇಕು. ಮೊದಲ ವರ್ಷ ಕಲಿಯುವವನ ಕೈಯಲ್ಲಿ ಕಂಪ್ಯೂಟರ್ ಬೇಡ; ಟಿಪ್ಪಣಿ ಪುಸ್ತಕ ಮತ್ತು ಗಡಿಯಾರ ಸಾಕು. ಯಾವ ಕೆಲಸಕ್ಕೆ ಎಷ್ಟು ಜನ, ಎಷ್ಟು ಹೊತ್ತು ಎಂದು ಅವನೇ ಅಳೆಯಲಿ. ಮೇಸ್ತ್ರಿಯ ಮಾತು ಕೇಳಲು ಕಲಿಯಲಿ. 1990ರ ದಶಕದಲ್ಲಿ ಅಮೆರಿಕದ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೊವೆಲ್ ಕಾಮಗಾರಿ ಸ್ಥಳಗಳನ್ನು ಅಧ್ಯಯನ ಮಾಡಿದಾಗ, ವಾರದ ಆರಂಭದಲ್ಲಿ ಗೊತ್ತುಪಡಿಸಿದ ಕೆಲಸಗಳಲ್ಲಿ ವಾರಾಂತ್ಯಕ್ಕೆ ಮುಗಿಯುತ್ತಿದ್ದುದು ಸರಿಸುಮಾರು ಅರ್ಧ ಮಾತ್ರ ಎಂದು ಕಂಡುಬಂತು. ಕೆಲಸ ಮಾಡಿಸುವ ಮೇಸ್ತ್ರಿಯನ್ನೇ ಯೋಜನೆಯಲ್ಲಿ ಪಾಲುದಾರನನ್ನಾಗಿ ಮಾಡಿ, ಮಾಡಲು ಸಾಧ್ಯವಿರುವುದನ್ನು ಮಾತ್ರ ಒಪ್ಪಿಕೊಳ್ಳುವ ಪದ್ಧತಿಯನ್ನು ಅವರು ರೂಪಿಸಿದರು. ಇದು ನಮಗೆ ಹೊರಗಿನದೇನಲ್ಲ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಬಲ್ಲವರ ಮದುವೆ ಮನೆಗಳಲ್ಲಿ ಅಡುಗೆಯವರನ್ನು ಕೇಳದೆ ಯಾರೂ ಊಟದ ಹೊತ್ತು ಗೊತ್ತುಮಾಡುವುದಿಲ್ಲ.

ಎರಡನೆಯದಾಗಿ, ನಮ್ಮ ಸೋಲುಗಳೇ ಪಠ್ಯವಾಗಬೇಕು. ತಡವಾಗಿ ಮುಗಿದ ಕಾಮಗಾರಿಗಳ ಕಡತಗಳು ಇಲಾಖೆಗಳ ದಾಖಲೆ ಕೊಠಡಿಗಳಲ್ಲಿ ರಾಶಿ ಬಿದ್ದಿವೆ. ಯಾವ ತಿಂಗಳಲ್ಲಿ ಯಾವ ನಿರ್ಧಾರ ತಪ್ಪಿತು ಎಂಬುದನ್ನು ಅವುಗಳಿಂದ ಹೆಕ್ಕಿ ಕಲಿಸಬಹುದು. ಮೂರನೆಯದು, ಕೆಟ್ಟ ಸುದ್ದಿಯನ್ನು ಬೇಗ ಹೇಳುವ ಅಭ್ಯಾಸ. ಇದಕ್ಕೆ ಯೋಜಕರಿಗೆ ಮಾತ್ರವಲ್ಲ, ಅದನ್ನು ಕೇಳಬೇಕಾದ ನನ್ನಂತಹ ಅಧಿಕಾರಿಗಳಿಗೂ ತರಬೇತಿ ಬೇಕು. ನೀತಿ ಆಯೋಗ ಮತ್ತು ಭಾರತೀಯ ಗುಣಮಟ್ಟ ಮಂಡಳಿ 2020ರಲ್ಲಿ ಯೋಜನಾ ನಿರ್ವಹಣೆಗೆ ರಾಷ್ಟ್ರೀಯ ನೀತಿ ಚೌಕಟ್ಟೊಂದನ್ನು ಪ್ರಕಟಿಸಿದವು. ಅಂತಹ ಚೌಕಟ್ಟು ಪ್ರಮಾಣಪತ್ರಗಳಲ್ಲಿ ಮುಗಿಯದೆ ತಾಲ್ಲೂಕು ಮಟ್ಟದ ಎಂಜಿನಿಯರನ್ನು ತಲುಪಿದಾಗಲೇ ಸಾರ್ಥಕ.

ಇದಕ್ಕೆಲ್ಲ ಹಣವೆಲ್ಲಿ ಎಂದು ಹಣಕಾಸಿನವರು ಕೇಳಬಹುದು, ನಾನೂ ಕೇಳಿದ್ದೆ. ಸಾವಿರ ಕೋಟಿ ರೂಪಾಯಿಯ ಕಾಮಗಾರಿಯಲ್ಲಿ ಅರ್ಧ ಹಣ ಖರ್ಚಾಗಿ ಕೆಲಸ ನಿಂತಿತು ಎನ್ನೋಣ. ಶೇ 8ರ ಬಡ್ಡಿಯಲ್ಲಿ ಆ ಐನೂರು ಕೋಟಿಯ ಮೇಲೆ ವರ್ಷಕ್ಕೆ 40 ಕೋಟಿ, ಅಂದರೆ ದಿನಕ್ಕೆ ಸುಮಾರು 11 ಲಕ್ಷ ರೂಪಾಯಿ ಕರಗುತ್ತದೆ. ಕೆಲವೇ ದಿನಗಳ ಬಡ್ಡಿಯಲ್ಲಿ ಒಂದು ಯೋಜನಾ ತಂಡದ ಇಡೀ ವರ್ಷದ ಸಂಬಳ ಹುಟ್ಟುತ್ತದೆ. ಹರಿಗೋಲಿನಲ್ಲಿ ನದಿ ದಾಟಿದವರ ನಷ್ಟವಂತೂ ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ.

ಆ ಸೇತುವೆ ಕೊನೆಗೂ ಮುಗಿಯಿತು. ಅದರ ಕಡತದಲ್ಲಿ ನನ್ನ ಷರಾ ಈಗಲೂ ಇರಬೇಕು. ಇಂದು ಅಂತಹದೇ ಕಡತ ಯಾವುದೋ ಯುವ ಅಧಿಕಾರಿಯ ಮೇಜಿನ ಮೇಲೆ ಬಂದಿರಬಹುದು. ಉಳಿತಾಯಕ್ಕೆಂದು ಆ ಎರಡು ಹುದ್ದೆಗಳನ್ನು ಹೊಡೆದುಹಾಕುವ ಮುನ್ನ ಅವರು ಒಮ್ಮೆ ನದಿಯ ದಂಡೆಗೆ ಹೋಗಿಬರಲಿ.