ನಾಯಿ ಮಾರ್ಕಿನ ಪ್ಲೇಟು

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲುದಾರಿಯಲ್ಲಿ ಗಾದಿಗನೂರು ಒಂದು ಸಣ್ಣ ಸ್ಟೇಷನ್ನು. ನಾನು ಹುಡುಗನಾಗಿದ್ದಾಗ ಆ ಕಡೆಯ ಮದುವೆ ಚಪ್ಪರಗಳಲ್ಲಿ ಮದುಮಗನಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಮೈಕ್‌ಸೆಟ್ಟಿನವನಿಗೆ. ಅವನು ತಗಡಿನ ಟ್ರಂಕು ತೆರೆದನೆಂದರೆ ಸುತ್ತ ಹುಡುಗರ ಮುತ್ತಿಗೆ. ಒಳಗೆ ಕರಿ ಪ್ಲೇಟುಗಳ ಅಟ್ಟಿ, ಪ್ರತಿ ಪ್ಲೇಟಿನ ನಡುವೆ ದುಂಡನೆಯ ಕಾಗದ, ಕಾಗದದ ಮೇಲೆ ಕಹಳೆಯ ಮುಂದೆ ಕಿವಿಗೊಟ್ಟು ಕೂತ ನಾಯಿ. ಪ್ಲೇಟು ತಿರುಗಿದರೆ ನಾಯಿಯೂ ತಿರುಗುತ್ತಿತ್ತು. ಅದಕ್ಕೆ ಯಾವಾಗ ತಲೆಸುತ್ತು ಬಂದು ಬೀಳುತ್ತದೋ ಎಂದು ನಾವು ಬಗ್ಗಿ ನೋಡುತ್ತಿದ್ದೆವು. ಹಾಡು ಯಾರದೆಂದು ನಮಗೆ ಗೊತ್ತಿರಲಿಲ್ಲ. ಪ್ಲೇಟು ಯಾರದೆಂದು ಮಾತ್ರ ಗೊತ್ತಿತ್ತು, ಅದು ನಾಯಿಯದು.

ಆ ನಾಯಿಗೆ ಒಂದು ಹೆಸರಿತ್ತು, ಹುಟ್ಟೂರಿತ್ತು, ಸಮಾಧಿಯೂ ಇದೆ. ಹೆಸರು ನಿಪ್ಪರ್. ಮನೆಗೆ ಬಂದವರ ಕಾಲಿನ ಹಿಂಬದಿಗೆ ಬಾಯಿ ಹಾಕುತ್ತಿತ್ತು ಎಂಬ ಕಾರಣಕ್ಕೆ ಬಂದ ಹೆಸರದು, ಕನ್ನಡದಲ್ಲಿ ‘ಕಡಿಯಣ್ಣ’ ಅನ್ನಬಹುದು. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಬೆರಕೆ ಟೆರಿಯರ್ ಅದು. ಸಾಕಿದವನು ಮಾರ್ಕ್ ಬರೋ, ಅಲ್ಲಿನ ಪ್ರಿನ್ಸಸ್ ಥಿಯೇಟರಿನಲ್ಲಿ ನಾಟಕದ ಪರದೆ ಬರೆಯುತ್ತಿದ್ದವನು. ನಾಟಕ ಕಂಪನಿಗಳ ಬಳ್ಳಾರಿ ಸೀಮೆಯವರಿಗೆ ಅದು ಎಂಥ ಕಸುಬೆಂದು ಬಿಡಿಸಿ ಹೇಳಬೇಕಿಲ್ಲ. 1887ರಲ್ಲಿ ಮಾರ್ಕ್ ತೀರಿಕೊಂಡ. ಅವನ ತಮ್ಮ ಫ್ರಾನ್ಸಿಸ್, ಅವನೂ ಚಿತ್ರಕಾರನೇ, ನಾಯಿಯನ್ನು ಲಿವರ್‌ಪೂಲಿಗೆ ಕರೆದೊಯ್ದ. ಕೊನೆಗಾಲದಲ್ಲಿ ಅದು ಮಾರ್ಕನ ವಿಧವೆಯ ಬಳಿಗೇ ಮರಳಿತು. 1895ರ ಸೆಪ್ಟೆಂಬರಿನಲ್ಲಿ ಲಂಡನ್ ಹತ್ತಿರದ ಕಿಂಗ್ಸ್‌ಟನ್‌ನಲ್ಲಿ ಸತ್ತಾಗ ತೋಟದ ಹಿಪ್ಪುನೇರಳೆ ಮರದ ಬುಡದಲ್ಲಿ ಹೂತರು. ಇವತ್ತು ಅಲ್ಲಿ ಬ್ಯಾಂಕಿನ ಕಟ್ಟಡವಿದೆ. ಪಕ್ಕದ ಗಲ್ಲಿಗೆ 2010ರಲ್ಲಿ ನಿಪ್ಪರ್ ಗಲ್ಲಿ ಎಂದು ಹೆಸರಿಟ್ಟಿದ್ದಾರೆ.

ಚಿತ್ರ ಹುಟ್ಟಿದ್ದು ನಾಯಿ ಸತ್ತ ಮೂರು ವರ್ಷದ ಮೇಲೆ. ಫೋನೋಗ್ರಾಫಿನಿಂದ ಮಾತು ಹೊರಟಾಗ ನಾಯಿ ಗಲಿಬಿಲಿಗೊಂಡು ಕಹಳೆಯೊಳಗೆ ಇಣುಕುತ್ತಿದ್ದ ನೆನಪು ಫ್ರಾನ್ಸಿಸ್‌ಗೆ ಉಳಿದಿತ್ತು. 1898ರಲ್ಲಿ ಅದನ್ನೇ ಬರೆದ. ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಕಳಿಸಿದರೆ ಬೇಡವೆಂದರು. ಫೋನೋಗ್ರಾಫ್ ಮಾರುತ್ತಿದ್ದ ಎಡಿಸನ್ ಬೆಲ್ ಕಂಪನಿಯವರಿಗೆ ತೋರಿಸಿದರೆ, ನಾಯಿಗಳು ಫೋನೋಗ್ರಾಫ್ ಕೇಳುವುದಿಲ್ಲ ಎಂದು ಸಾಗಹಾಕಿದರಂತೆ. ಚಿತ್ರದಲ್ಲಿ ಕಹಳೆ ಕಪ್ಪಗಿತ್ತು. ಹೊಳೆಯುವ ಹಿತ್ತಾಳೆಯದಾದರೆ ಕಣ್ಣಿಗೆ ಹತ್ತೀತೆಂದು ಯಾರೋ ಹೇಳಿದ ಮಾತು ಹಿಡಿದು, ಒಂದು ಹಿತ್ತಾಳೆ ಕಹಳೆಯನ್ನು ಎರವಲು ಕೇಳಲು ಅವನು ಲಂಡನ್ನಿನ ಗ್ರಾಮಫೋನ್ ಕಂಪನಿಗೆ ಹೋದ. ಅಲ್ಲಿನ ಮ್ಯಾನೇಜರ್ ವಿಲಿಯಂ ಬ್ಯಾರಿ ಓವೆನ್, ‘ಫೋನೋಗ್ರಾಫ್ ಅಳಿಸಿ ಅಲ್ಲಿ ನಮ್ಮ ಯಂತ್ರ ಬರೆದುಕೊಟ್ಟರೆ ಚಿತ್ರವನ್ನೇ ಕೊಳ್ಳುತ್ತೇನೆ’ ಎಂದ. 1899ರಲ್ಲಿ ವ್ಯಾಪಾರ ಕುದುರಿತು. ಚಿತ್ರಕ್ಕೆ 50 ಪೌಂಡು, ಹಕ್ಕಿಗೆ 50 ಪೌಂಡು. ಹಳೆಯ ಯಂತ್ರದ ಮೇಲೆ ಹೊಸ ಯಂತ್ರ ಬಂತು. ಮೂಲ ಚಿತ್ರವನ್ನು ಬೆಳಕಿಗೆ ಓರೆ ಹಿಡಿದರೆ ಅಡಿಯ ಫೋನೋಗ್ರಾಫ್ ಈಗಲೂ ಮಸುಕಾಗಿ ಕಾಣುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಎಡಿಸನ್‌ನ ಫೋನೋಗ್ರಾಫ್ ಮೇಣದ ಉರುಳೆಯ ಯಂತ್ರ. ಅದರಲ್ಲಿ ಮನೆಯವರೇ ಮಾತಾಡಿ ಅಚ್ಚೊತ್ತಬಹುದಿತ್ತು, ಮತ್ತೆ ಕೇಳಬಹುದಿತ್ತು. ಎಮಿಲ್ ಬರ್ಲಿನರ್ ಕಂಡುಹಿಡಿದ ಗ್ರಾಮಫೋನು ಪ್ಲೇಟಿನ ಯಂತ್ರ. ಕಾರ್ಖಾನೆಯಲ್ಲಿ ಒತ್ತಿದ ಪ್ಲೇಟನ್ನು ಅದು ನುಡಿಸಬಲ್ಲದೇ ಹೊರತು ಯಾರ ಮಾತನ್ನೂ ಹಿಡಿದಿಡಲಾರದು. ಎಂದಮೇಲೆ ತಿದ್ದಿದ ಚಿತ್ರದಲ್ಲಿ ನಾಯಿ ಕೇಳುತ್ತಿರುವುದು ಒಡೆಯನ ದನಿಯಾಗಲು ಸಾಧ್ಯವೇ ಇಲ್ಲ, ಯಾರೋ ಸಂಗೀತಗಾರನದು ಇರಬೇಕು. ಹೆಸರು ಮಾತ್ರ ‘ಹಿಸ್ ಮಾಸ್ಟರ್ಸ್ ವಾಯ್ಸ್’ (ಎಚ್‌ಎಂವಿ) ಎಂದೇ ಉಳಿಯಿತು. ಯಂತ್ರ ಬದಲಾದಾಗ ಚಿತ್ರದ ಅರ್ಥ ಕೆಟ್ಟಿತು, ಕೆಟ್ಟದ್ದು ಯಾರಿಗೂ ಕಾಣಲಿಲ್ಲ. ಒಡೆಯನ ಶವಪೆಟ್ಟಿಗೆಯ ಮೇಲೆ ಕೂತು ನಾಯಿ ಅವನ ದನಿ ಕೇಳುತ್ತಿದೆ ಎಂಬ ಕಣ್ಣೀರಿನ ಕಥೆಯೂ ಆಮೇಲೆ ಹುಟ್ಟಿತು. ಅದು ಬರೀ ಕಟ್ಟುಕಥೆ. ಅಡಿಯಲ್ಲಿರುವುದು ನುಣುಪು ಮೆರುಗಿನ ಮೇಜು, ಅಷ್ಟೆ.

ಅಲ್ಲಿಂದ ಮುಂದೆ ನಾಯಿ ಒಡೆಯರನ್ನು ಬದಲಿಸುತ್ತಲೇ ಹೋಯಿತು. 1900ರಲ್ಲಿ ಬರ್ಲಿನರ್ ಅದನ್ನು ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿದ. 1901ರಲ್ಲಿ ಹುಟ್ಟಿದ ವಿಕ್ಟರ್ ಕಂಪನಿ ಪಡೆಯಿತು. 1929ರಲ್ಲಿ ವಿಕ್ಟರನ್ನು ಆರ್‌ಸಿಎ ಕೊಂಡಾಗ ನಾಯಿಯೂ ಜೊತೆಗೆ ಹೋಯಿತು. ಜಪಾನಿನಲ್ಲಿ ಜೆವಿಸಿಯ ಪಾಲಾಯಿತು. ಬ್ರಿಟನ್ ಮತ್ತು ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿಯ ಬಳಿ ಉಳಿಯಿತು. ಒಂದೇ ನಾಯಿ, ಮೂರು ಮನೆ. ಅಮೆರಿಕದಲ್ಲಿ ನಾಯಿ ಆರ್‌ಸಿಎ ಸ್ವತ್ತಾದ್ದರಿಂದ ಬ್ರಿಟಿಷ್ ಕಂಪನಿಯ ಶಾಸ್ತ್ರೀಯ ಸಂಗೀತದ ಪ್ಲೇಟುಗಳು ಅಲ್ಲಿ ‘ಏಂಜೆಲ್’ ಎಂಬ ಬೇರೆ ಹೆಸರಿನಲ್ಲಿ ಮಾರಾಟವಾಗಬೇಕಾಯಿತು. ಆ ದೇಶದ ಆಲ್ಬನಿ ಊರಿನಲ್ಲಿ ಒಂದು ಹಳೆಯ ಗೋದಾಮಿನ ನೆತ್ತಿಯ ಮೇಲೆ 28 ಅಡಿ ಎತ್ತರದ ನಿಪ್ಪರ್ ಕೂತಿದೆ. 1990ರ ಹೊತ್ತಿಗೆ ಆರ್‌ಸಿಎ ಜಾಹೀರಾತಿಗೆಂದು ಅದಕ್ಕೊಂದು ಮರಿಯನ್ನೂ ಜೊತೆಮಾಡಿ ಚಿಪ್ಪರ್ ಎಂದು ಕರೆಯಿತು. 2007ರಲ್ಲಿ ಬ್ರಿಟನ್ನಿನ ಎಚ್‌ಎಂವಿ ಅಂಗಡಿಗಳು ಮಕ್ಕಳ ಡಿವಿಡಿಗಳ ಪ್ರಚಾರಕ್ಕಾಗಿ ನಿಪ್ಪರ್‌ನ ಜಾಗದಲ್ಲಿ ಕೆಲಕಾಲ ಆನಿಮೇಷನ್ ಚಿತ್ರಗಳ ನಾಯಿ ಗ್ರೊಮಿಟ್‌ನನ್ನು ಕೂರಿಸಿದ್ದವು. ಕಾರ್ಟೂನ್ ನಾಯಿಗಳೆಲ್ಲ ಬರೆದವರ ಕೈಯಲ್ಲಿ ಹುಟ್ಟಿ ಆಮೇಲೆ ಗೊಂಬೆಯಾಗುತ್ತವೆ, ಬಟ್ಟಲಾಗುತ್ತವೆ, ಶಾಲೆ ಚೀಲವಾಗುತ್ತವೆ. ನಿಪ್ಪರ್ ನಿಜವಾದ ನಾಯಿಯಾಗಿ ಬದುಕಿ, ಸತ್ತು, ಚಿತ್ರವಾಗಿ ಅದೇ ದಾರಿ ಹಿಡಿಯಿತು. ಫ್ರಾನ್ಸಿಸ್ ಬರೋ ಪಾಡು ನೋಡಿ: ಕಂಪನಿಗಾಗಿ ಅದೇ ಚಿತ್ರವನ್ನು 24 ಸಲ ನಕಲು ಮಾಡಿ 1924ರಲ್ಲಿ ತೀರಿಕೊಂಡ.

ಗ್ರಾಮಫೋನ್ ಕಂಪನಿ ಕಲಕತ್ತೆಯಲ್ಲಿ ಅಂಗಡಿ ತೆರೆದದ್ದು 1901ರಲ್ಲಿ. ಮರುವರ್ಷ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಹಡಗಿನಲ್ಲಿ ಸಾಮಾನು ತಂದು ಹೋಟೆಲಿನ ಕೋಣೆಯಲ್ಲೇ ಮುದ್ರಣ ಶುರುಮಾಡಿದ. ಆಗ ಹಾಡಿದವರಲ್ಲಿ ಮುಖ್ಯಳಾದವಳು ಗೌಹರ್ ಜಾನ್. ಪ್ಲೇಟುಗಳನ್ನು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಗುರುತು ಸಿಗಲೆಂದು ಆಕೆ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಆ ಪ್ಲೇಟುಗಳ ಮೇಲೆ ಇನ್ನೂ ನಾಯಿ ಇರಲಿಲ್ಲ, ಗರಿಯಿಂದ ಪ್ಲೇಟಿನ ಮೇಲೆ ಬರೆಯುವ ದೇವದೂತನ ಚಿತ್ರವಿತ್ತು. ಬ್ರಿಟಿಷ್ ಪ್ಲೇಟಿನ ಕಾಗದಕ್ಕೆ ನಾಯಿ ಬಂದದ್ದೇ 1909ರಲ್ಲಿ. ಗೌಹರ್ ಜಾನ್ ಸ್ವತಃ ಒಂದು ಮಾರ್ಕಾಗಿದ್ದಳು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೆ ಅವಳ ಚಿತ್ರ ಅಚ್ಚಾಗುತ್ತಿತ್ತು. ಕಡೆಗಾಲದಲ್ಲಿ ದುಡ್ಡೂ ಜನವೂ ಕೈಬಿಟ್ಟಾಗ ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿ 17ರಂದು ಆಕೆ ಮೈಸೂರಿನಲ್ಲೇ ತೀರಿಕೊಂಡಳು. ಭಾರತದ ಪ್ಲೇಟಿನ ಕಥೆಯ ಮೊದಲ ದೊಡ್ಡ ದನಿ ಮಣ್ಣಾದದ್ದು ಕನ್ನಡ ನೆಲದಲ್ಲಿ.

ಕನ್ನಡದ ದನಿಗಳೂ ನಾಯಿಯ ಮುಂದೆ ಕೂತವು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಎಚ್‌ಎಂವಿಗೆ ಹಾಡಿದರು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ್ದಷ್ಟೇ ಅಲ್ಲ, ಕೆಲಕಾಲ ಅದೇ ಕಂಪನಿಯ ಸಂಗೀತ ನಿರ್ದೇಶಕರಾಗಿದ್ದರು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೂ ನಮ್ಮ ಸೀಮೆಯ ಮುಖ ಮದ್ರಾಸಿನ ಕಡೆಗಿತ್ತು. ಹಾಗಾಗಿ ಇಲ್ಲಿನ ಟ್ರಂಕುಗಳಲ್ಲಿ ತೆಲುಗು ನಾಟಕದ ಪದ್ಯಗಳೂ ಹುಬ್ಬಳ್ಳಿ ಕಡೆಯ ಹಾಡುಗಳೂ ಜಗಳವಿಲ್ಲದೆ ಒಂದರ ಮೇಲೊಂದು ಮಲಗಿರುತ್ತಿದ್ದವು.

ಹತ್ತಿಂಚಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ರಾತ್ರಿಯಿಡೀ ಒಂದು ರಾಗ ಹಿಡಿದು ಕೂರುವ ಗವಾಯಿಗಳು ಆ ಮೂರು ನಿಮಿಷಕ್ಕೆ ತಮ್ಮನ್ನು ತಾವೇ ಕತ್ತರಿಸಿಕೊಳ್ಳಬೇಕಾಯಿತು. ಪ್ಲೇಟಿನ ಒಡಲು ಪ್ಲಾಸ್ಟಿಕ್ಕಲ್ಲ, ಅರಗು. ಮುತ್ತುಗ, ಬಾರೆ ಗಿಡಗಳ ಕೊಂಬೆಗೆ ಅರಗಿನ ಹುಳು ಕಟ್ಟುವ, ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವ ಅದೇ ಅರಗು. ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ನಾರು ಬೆರೆಸಿ ಒತ್ತುತ್ತಿದ್ದರು. ಜಗತ್ತಿನ ಪ್ಲೇಟು ಕಾರ್ಖಾನೆಗಳಿಗೆಲ್ಲ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಕಲಕತ್ತೆಯ ಸಿಯಾಲ್ದಾದಲ್ಲಿ 1908ರಲ್ಲಿ ಕಾರ್ಖಾನೆ ಬಂತು, ಆಮೇಲೆ ದಮ್ ದಮ್‌ಗೆ ಹೋಯಿತು. ಕರೆಂಟಿಲ್ಲದ ಹಳ್ಳಿಗಳಲ್ಲಿ ಕೀಲಿ ಕೊಡುವ ಪೆಟ್ಟಿಗೆಯೇ ಗತಿಯಾದ್ದರಿಂದ, ಬೇರೆ ದೇಶಗಳು 78ರ ಪ್ಲೇಟನ್ನು ಮರೆತ 1960ರ ದಶಕದಲ್ಲೂ ದಮ್ ದಮ್‌ನಲ್ಲಿ ಅದನ್ನು ಒತ್ತುತ್ತಿದ್ದರು. ಬೀಟಲ್ಸ್ ಹಾಡುಗಳ 78ರ ಪ್ಲೇಟು ಬೇಕೆಂದು ವಿದೇಶಿ ಸಂಗ್ರಾಹಕರು ಇವತ್ತಿಗೂ ಭಾರತದ ಗುಜರಿ ಅಂಗಡಿಗಳನ್ನು ಜಾಲಾಡುವುದು ಇದಕ್ಕೇ.

ಪ್ಲೇಟಿನಷ್ಟೇ ಊರೂರು ತಿರುಗಿದ್ದು ಸೂಜಿಯ ಡಬ್ಬಿ. ಉಕ್ಕಿನ ಸೂಜಿಯನ್ನು ಒಂದು ಹಾಡಿಗೊಮ್ಮೆ ಬದಲಿಸಬೇಕು, ಇಲ್ಲವಾದರೆ ಮೊಂಡಾಗಿ ಪ್ಲೇಟಿನ ಗೆರೆ ಕೆರೆಯುತ್ತದೆ. 200 ಸೂಜಿಯ ಪುಟ್ಟ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಬಣ್ಣದ ನಾಯಿ. ಸೂಜಿ ಮುಗಿದ ಮೇಲೆ ಅದರಲ್ಲಿ ಸುಣ್ಣ, ನಶ್ಯ, ಮೂಗುಬೊಟ್ಟು, ಬಟ್ಟೆಪಿನ್ನು. ನಾನು ಕಂಡ ಮೊದಲ ಡಬ್ಬಿ ಒಬ್ಬ ಅಜ್ಜಿಯ ಎಲೆಅಡಿಕೆ ಚೀಲದಲ್ಲಿತ್ತು. ಆ ಮನೆಯಲ್ಲಿ ಗ್ರಾಮಫೋನು ಎಂದೂ ಇರಲಿಲ್ಲ!

ನಮ್ಮಲ್ಲಿ ನಾಯಿ ಅಂದರೆ ಬೈಗುಳ. ನಾಯಿಪಾಡು, ನಾಯಿಬುದ್ಧಿ, ಡೊಂಕು ಬಾಲ. ಅಂಥ ನಾಡಿನಲ್ಲಿ ನಾಯಿಯ ಮುದ್ರೆ ಇದ್ದರೆ ಮಾಲು ಅಸಲಿ ಎಂಬ ನಂಬಿಕೆ ಬೆಳೆದದ್ದು ಸಣ್ಣ ಸಂಗತಿಯಲ್ಲ. ಕಾರಣ ಸರಳ. ಕೊಳ್ಳುವವನಿಗೆ ಓದು ಬಾರದು, ಚಿತ್ರ ಬರುತ್ತದೆ. ಬೀಡಿ ಕಟ್ಟಿಗೆ ಗಣೇಶ, ಬೆಂಕಿಪೊಟ್ಟಣಕ್ಕೆ ಚಿರತೆ, ಮೈಸೂರು ಸ್ಯಾಂಡಲ್ ಸಾಬೂನಿಗೆ ಆನೆ ಸಿಂಹ ಕೂಡಿದ ಶರಭ, 1954ರಲ್ಲಿ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಏಷ್ಯನ್ ಪೇಂಟ್ಸಿಗೆ ಬರೆದುಕೊಟ್ಟ ಗಟ್ಟು, ಎಲ್ಲವೂ ಇದೇ ಕೆಲಸ ಮಾಡಿದವು. ‘ಹಿಸ್ ಮಾಸ್ಟರ್ಸ್ ವಾಯ್ಸ್’ ಎಂಬುದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವರನ್ನು ನಾನಂತೂ ಕಂಡಿಲ್ಲ. ಜನ ಒಡೆಯನನ್ನೂ ಅವನ ದನಿಯನ್ನೂ ಬಿಟ್ಟು ನಾಯಿಯನ್ನಷ್ಟೇ ಇಟ್ಟುಕೊಂಡರು.

ಹಂಪಿಯ ಹತ್ತಿರದಲ್ಲಿ ಬೆಳೆದವರಿಗೆ ಹೀಗೆ ಮುದ್ರೆಯ ಪ್ರಾಣಿಯೇ ಹೆಸರಾಗುವುದು ಹೊಸದಲ್ಲ. ವಿಠ್ಠಲ ದೇವಸ್ಥಾನದ ದಾರಿಯಲ್ಲಿ ಸಿಗುವ ವರಾಹ ಗುಡಿಯ ಬಾಗಿಲ ಗೋಡೆ ನೋಡಿ: ಹಂದಿ, ಕತ್ತಿ, ಸೂರ್ಯ, ಚಂದ್ರ. ವಿಜಯನಗರದ ರಾಜಮುದ್ರೆ ಅದು. ಆ ಕಾಲದ ಚಿನ್ನದ ನಾಣ್ಯವನ್ನು ಜನ ವರಾಹ ಎಂದರು. ಆದರೆ ವಿಜಯನಗರದ ನಾಣ್ಯಗಳ ಮೇಲೆ ಹೆಚ್ಚಾಗಿ ಕಾಣುವುದು ಹನುಮ, ಗಂಡಭೇರುಂಡ, ಉಮಾಮಹೇಶ್ವರ. ಹಂದಿ ಇಲ್ಲದ ನಾಣ್ಯಕ್ಕೂ ವರಾಹವೆಂದೇ ಹೆಸರು. ಪ್ರಾಣಿಯ ಮುದ್ರೆ ಅಳಿದರೂ ಅದರ ಹೆಸರು ವ್ಯವಹಾರದಲ್ಲಿ ಓಡಾಡಿಕೊಂಡಿರುತ್ತದೆ.

ನಾಯಿ ಮಾರ್ಕಿಗೂ ಅದೇ ಆಯಿತು. ಕ್ಯಾಸೆಟ್ಟು ಬಂದಾಗ ಎಚ್‌ಎಂವಿ ತಡವರಿಸಿತು. ಅಗ್ಗದ ಕ್ಯಾಸೆಟ್ಟಿನವರು ಮುನ್ನುಗ್ಗಿದರು. ಕನ್ನಡದಲ್ಲಿ 1974ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಲಹರಿಯಂಥ ಮನೆಯ ಸಂಸ್ಥೆಗಳು ಮಾರುಕಟ್ಟೆ ಹಿಡಿದವು. 1980ರ ದಶಕದ ನಡುವೆ ಎಚ್‌ಎಂವಿ ಕಂಪನಿ ಗೋಯೆಂಕಾ ಮನೆತನದ ಆರ್‌ಪಿಜಿ ಗುಂಪಿಗೆ ಸೇರಿತು. 2000ದಲ್ಲಿ ಹೆಸರು ಸರೆಗಮ ಎಂದಾಯಿತು. 2017ರಲ್ಲಿ ಅದು ಹಳೆಯ ಹಾಡು ತುಂಬಿದ ಕಾರವಾನ್ ಎಂಬ ಪೆಟ್ಟಿಗೆ ತಂದಾಗ ಅಜ್ಜ ಅಜ್ಜಿಯರಿಗೆ ಉಡುಗೊರೆ ಕೊಡುವುದೇ ಒಂದು ಚಾಳಿಯಾಯಿತು. ಅದರಲ್ಲಿ ಕಹಳೆ ಇಲ್ಲ, ಸೂಜಿ ಇಲ್ಲ. ಆದರೂ ನಮ್ಮ ಕಡೆಯ ವಯಸ್ಸಾದವರೊಬ್ಬರು ಅದನ್ನು ನೋಡಿ ನನ್ನನ್ನು ಕೇಳಿದ್ದು ಒಂದೇ ಮಾತು: ‘ಇದು ನಾಯಿ ಮಾರ್ಕಿಂದೇನಪಾ?’

ಓದುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ನಾಯಿ ಮಾರ್ಕಿನ ಕರಿ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಹೇರಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಧೂಳನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಿ. ಸ್ಪಿರಿಟ್ ಮಾತ್ರ ಹಚ್ಚಬೇಡಿ, ಅದು ತಾಗಿದರೆ ಅರಗು ಕರಗುತ್ತದೆ.